ಒಂಬತ್ತನೇ ಕ್ಲಾಸಿಗೆ ಫೋಟೋ ಇಲ್ಲ

"ನೀವು ಒಂಬತ್ತನೇ ಕ್ಲಾಸಲ್ಲಿ ಏನು ಮಾಡ್ತಿದ್ರಿ?" ಅಂತ ಯಾರಾದ್ರೂ ದಿಢೀರನೆ ಕೇಳಿದ್ರೆ ಏನು ಹೇಳ್ತೀರಿ? ಎಸ್ಸೆಸ್ಸೆಲ್ಸಿ ಆದ್ರೆ ಸರಿ, ಯಾವ ಪೇಪರಿನ ಹಿಂದಿನ ದಿನ ಕರೆಂಟು ಹೋಗಿತ್ತು ಅನ್ನೋದೂ ನನಗೆ ನೆನಪಿದೆ. ಒಂಬತ್ತು? ಮಳೆ, ಸೈಕಲ್ಲು, ಒದ್ದೆ ಯೂನಿಫಾರ್ಮಿನ ವಾಸನೆ. ಅಷ್ಟೇ. ಈ ಪ್ರಶ್ನೆ ಕೇಳಿದ್ದು ಸಿಯಾಟಲ್ ಪಕ್ಕದ ಊರಿನ ಹೈಸ್ಕೂಲೊಂದರ ಹುಡುಗ, 2023ರ ಜೂನ್ ತಿಂಗಳಲ್ಲಿ. ಅವತ್ತು ಏನೋ ಒಂದು ಹೇಳಿ ಜಾರಿಕೊಂಡೆ. ಆದರೆ ಪ್ರಶ್ನೆ ತಲೆಯಿಂದ ಹೋಗಲಿಲ್ಲ.

ನಾನು ಆ ಶಾಲೆಗೆ ಯಾಕೆ ಹೋಗ್ತಿದ್ದೆ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. 2009ರಲ್ಲಿ ಮೈಕ್ರೋಸಾಫ್ಟಿನ ಕೆವಿನ್ ವಾಂಗ್ ಅನ್ನೋ ಇಂಜಿನಿಯರ್ ಟೀಲ್ಸ್ ಅಂತ ಒಂದು ಕಾರ್ಯಕ್ರಮ ಶುರುಮಾಡಿದರು. ಕಂಪ್ಯೂಟರ್ ಪಾಠಕ್ಕೆ ಮೇಷ್ಟ್ರು ಸಿಗದ ಹೈಸ್ಕೂಲುಗಳಿಗೆ ಸಾಫ್ಟ್‌ವೇರ್ ಕೆಲಸದವರು ಬೆಳಿಗ್ಗೆ ಮೊದಲ ಪೀರಿಯಡ್ಡಿಗೇ ಹೋಗಿ, ಅಲ್ಲಿನ ಟೀಚರ್ ಜೊತೆ ನಿಂತು ಪಾಠ ಮಾಡಿ, ಆಮೇಲೆ ತಮ್ಮ ಆಫೀಸಿಗೆ ಓಡೋದು. ನಾನು ಎಂ.ಎಸ್. ಮುಗಿಸಿ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ರೂಮು, ಆಫೀಸು, ಮತ್ತೆ ರೂಮು... ಬೇಜಾರಾಗಿ ಹೆಸರು ಕೊಟ್ಟೆ. 2022-23ರ ಇಡೀ ವರ್ಷ, ವಾರಕ್ಕೆರಡು ದಿನ, ನಿದ್ದೆಗಣ್ಣಲ್ಲಿ ಜಾವಾ. ನನ್ನ ನಿದ್ದೆಗಣ್ಣು, ಅವರದ್ದೂ :-)

ಇಲ್ಲಿ ಹೈಸ್ಕೂಲು ನಾಲ್ಕು ವರ್ಷ. ಒಂಬತ್ತು ಫ್ರೆಶ್‌ಮನ್, ಹತ್ತು ಸಾಫಮೋರ್, ಹನ್ನೊಂದು ಜೂನಿಯರ್, ಹನ್ನೆರಡು ಸೀನಿಯರ್. (ಸಾಫಮೋರ್ ಅನ್ನೋ ಪದದಲ್ಲಿ ಗ್ರೀಕಿನ ಜಾಣನೂ ಪೆದ್ದನೂ ಒಟ್ಟಿಗೇ ಕೂತಿದ್ದಾರೆ ಅಂತ ಟೀಚರ್ ಹೇಳ್ತಿದ್ರು. ಹದಿನೈದರ ವಯಸ್ಸಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ?) ನನ್ನ ಕ್ಲಾಸಿನಲ್ಲಿ ಹೆಚ್ಚಿನವರು ಜೂನಿಯರ್‌ಗಳು, 2024ರಲ್ಲಿ ಹೈಸ್ಕೂಲು ಮುಗಿಸಬೇಕಾದ ಬ್ಯಾಚು. ಹಿಂದಕ್ಕೆ ಎಣಿಸಿದರೆ ಇವರು ಹೈಸ್ಕೂಲಿನ ಮೆಟ್ಟಿಲು ಹತ್ತಬೇಕಾಗಿದ್ದು 2020ರ ಸೆಪ್ಟೆಂಬರಿನಲ್ಲಿ. ಹತ್ತಲಿಲ್ಲ. ಮೊದಲ ದಿನ ಎಲ್ಲರೂ ಅವರವರ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು.

ಮೇ ತಿಂಗಳಲ್ಲಿ ಎ.ಪಿ. ಪರೀಕ್ಷೆ ಮುಗಿದ ಮೇಲೆ ಪಾಠ ಅಂತ ಏನೂ ಉಳಿದಿರಲಿಲ್ಲ. (ಚಾಟ್‌ಜಿಪಿಟಿ ಬಂದು ಆರು ತಿಂಗಳಾಗಿದ್ದ ಆ ವರ್ಷವೂ ಮಕ್ಕಳು ಜಾವಾ ಕೋಡನ್ನು ಪೇಪರ್ ಮೇಲೆ ಕೈಯಲ್ಲೇ ಬರೆದರು. ವಿಟಿಯು ಲ್ಯಾಬ್ ಎಕ್ಸಾಮು ಕಂಡ ನನಗೆ ಇದರಲ್ಲಿ ಆಶ್ಚರ್ಯ ಏನೂ ಇರಲಿಲ್ಲ.) ಕೊನೆಯ ವಾರ ಟೀಚರ್ ಎಲ್ಲರಿಗೂ ಒಂದೊಂದು ಕಾರ್ಡು ಹಂಚಿದರು. ಇನ್ನು ನೀವು ಸೀನಿಯರ್‌ಗಳು, ಕಳೆದ ಮೂರು ವರ್ಷಗಳಿಂದ ವರ್ಷಕ್ಕೊಂದು ನೆನಪು ಬರೀರಿ, ಹೆಸರು ಬೇಡ ಅಂದ್ರು. ಆಮೇಲೆ ಒಂದೊಂದಾಗಿ ಓದಿದರು.

ಮೊದಲನೇ ವರ್ಷದ ನೆನಪುಗಳಲ್ಲಿ ಶಾಲೆಯೇ ಇರಲಿಲ್ಲ. ಒಬ್ಬಳು ಬರೆದಿದ್ದಳು, ನನಗೆ ಹೊಸ ಗೆಳತಿಯ ಮನೆ ಸೀಲಿಂಗ್ ಫ್ಯಾನು ಚೆನ್ನಾಗಿ ಗೊತ್ತಿತ್ತು, ಅವಳ ಎತ್ತರ ಗೊತ್ತಿರಲಿಲ್ಲ ಅಂತ. ಇನ್ನೊಬ್ಬ ಪಿ.ಟಿ. ಕ್ಲಾಸಿಗೆ ಹಾಸಿಗೆಯಲ್ಲಿ ಮಲಗೇ ಹಾಜರಿ ಕೊಟ್ಟಿದ್ದನ್ನ ಬರೆದಿದ್ದ. 2021ರ ಏಪ್ರಿಲ್ ಹೊತ್ತಿಗೆ ಶಾಲೆಗೆ ಬರುವ ಅವಕಾಶ ಎಲ್ಲ ಮಕ್ಕಳಿಗೂ ಇರಲೇಬೇಕು ಅಂತ ವಾಷಿಂಗ್ಟನ್ ಗವರ್ನರ್ ಜೇ ಇನ್ಸ್ಲಿ ಆದೇಶ ಮಾಡಿದ ಮೇಲೆ ಕೆಲವರು ವಾರದಲ್ಲಿ ಒಂದೆರಡು ದಿನ ಬಂದರು. ಖಾಲಿ ಕಾರಿಡಾರು, ದೂರ ದೂರ ಬೆಂಚು.

ಎರಡನೇ ವರ್ಷ ಎಲ್ಲರೂ ಬಂದರು, ಮಾಸ್ಕ್ ಹಾಕಿಕೊಂಡು. ಆ ಸೆಪ್ಟೆಂಬರಿನಲ್ಲಿ ಫ್ರೆಶ್‌ಮನ್‌ಗಳ ಜೊತೆಗೆ ಸಾಫಮೋರ್‌ಗಳೂ ದಾರಿ ತಪ್ಪಿ ಅಲೆದಾಡಿದರಂತೆ. ಸೀನಿಯರ್‌ಗಳ ಹತ್ತಿರ ಕೇಳೋಕೆ ನಾಚಿಕೆ, ಯಾಕಂದ್ರೆ ಎರಡನೇ ವರ್ಷದವರಿಗೆ ಸೈನ್ಸ್ ಲ್ಯಾಬ್ ಎಲ್ಲಿದೆ ಅಂತ ಗೊತ್ತಿರಬೇಕಲ್ಲ! 2022ರ ಮಾರ್ಚ್ 12ಕ್ಕೆ ಶಾಲೆಗಳಲ್ಲಿ ಮಾಸ್ಕ್ ಕಡ್ಡಾಯ ಅನ್ನೋ ನಿಯಮ ಹೋಯ್ತು. ಹತ್ತಾರು ಕಾರ್ಡುಗಳಲ್ಲಿ ಇದ್ದದ್ದು ಆ ಒಂದು ವಾರ. ಆರು ತಿಂಗಳು ಪಕ್ಕದಲ್ಲೇ ಕೂತವನ ಹಲ್ಲಿಗೆ ಕ್ಲಿಪ್ ಇದೆ ಅಂತ ಅವತ್ತು ಗೊತ್ತಾಗಿದ್ದು, ಗಲ್ಲದಲ್ಲಿ ಮೊಡವೆ ಎದ್ದಿದ್ದಕ್ಕೆ ಇನ್ನೂ ಹದಿನೈದು ದಿನ ಮಾಸ್ಕ್ ತೆಗೆಯದೇ ಇದ್ದದ್ದು. ಓದುವಾಗ ಟೀಚರ್ ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

ಮೂರನೇ ವರ್ಷದ ನೆನಪುಗಳು ಮಾಮೂಲಿ: ಡ್ರೈವಿಂಗ್ ಲೈಸೆನ್ಸ್, ಪ್ರಾಮ್ ಡ್ಯಾನ್ಸು, ಯಾರೋ ಯಾರಿಗೋ ಇಲ್ಲ ಅಂದಿದ್ದು. ರನ್ನಿಂಗ್ ಸ್ಟಾರ್ಟ್ ಅಂತ ಇಲ್ಲೊಂದು ವ್ಯವಸ್ಥೆ ಇದೆ, ಹನ್ನೊಂದು-ಹನ್ನೆರಡರ ಮಕ್ಕಳು ಬೋಧನಾ ಶುಲ್ಕವಿಲ್ಲದೆ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಹೋಗಿ ಓದಬಹುದು. ಹಾಗೆ ಹೋದ ಗೆಳೆಯರ ಬಗ್ಗೆ ಇಬ್ಬರು ಬರೆದಿದ್ದರು: ಮುಖ ಕಂಡು ಒಂದು ವರ್ಷವಾಗುವಷ್ಟರಲ್ಲಿ ಹೊರಟೇಬಿಟ್ಟರು ಅಂತ.

ಒಂದು ಕಾರ್ಡಿನಲ್ಲಿ ಮೊದಲನೇ ವರ್ಷದ ಜಾಗ ಖಾಲಿ ಇತ್ತು. ಅದು ಯಾರದ್ದು ಅಂತ ನನಗೆ ಅಕ್ಷರದಿಂದಲೇ ಗೊತ್ತಾಯ್ತು.

ಆ ಹುಡುಗನಿಗೆ ನಾನು ಅಕ್ಟೋಬರಿನಲ್ಲಿ ಒಂದು ಬುದ್ಧಿವಾದ ಹೇಳಿದ್ದೆ. ಕೋಡ್ ಚೆನ್ನಾಗಿ ಬರೀತಿದ್ದ, ಆದರೆ ಸದಾ ಮಂಕು. ಕೇಳಿದ್ರೆ ಫ್ರೆಶ್‌ಮನ್ ವರ್ಷ ಆಲ್ಜಿಬ್ರಾದಲ್ಲೂ ಬಯಾಲಜಿಯಲ್ಲೂ ಡಿ ಬಂದಿತ್ತು ಅಂದ. "ಹಳೇದೆಲ್ಲ ಬಿಡು, ಕೊನೇ ವರ್ಷ ಚೆನ್ನಾಗಿ ಮಾಡು, ಅದೊಂದೇ ಮುಖ್ಯ" ಅಂದೆ, ದೊಡ್ಡ ಮನುಷ್ಯನ ಹಾಗೆ. ಅವನು ನನ್ನನ್ನ ಒಂದು ಥರಾ ನೋಡಿ ಸುಮ್ಮನಾದ. ಕ್ಲಾಸು ಮುಗಿದ ಮೇಲೆ ಟೀಚರ್ ನನ್ನನ್ನ ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದರು. ಇಲ್ಲಿ ಕಾಲೇಜಿಗೆ ಹೋಗೋದು ಟ್ರಾನ್ಸ್‌ಕ್ರಿಪ್ಟು. ಒಂಬತ್ತನೇ ಕ್ಲಾಸಿನ ಮೊದಲ ದಿನದಿಂದ ಎಲ್ಲ ಗ್ರೇಡೂ ಅದರಲ್ಲಿರುತ್ತೆ. ಎ ಬಂದ್ರೆ 4, ಡಿ ಬಂದ್ರೆ 1, ಎಲ್ಲ ಕೂಡಿ ಸರಾಸರಿ. ಕಾಮನ್ ಆ್ಯಪ್ ಅನ್ನೋ ಅರ್ಜಿ ತೆರೆಯೋದು ಆಗಸ್ಟ್ 1ಕ್ಕೆ, ನವೆಂಬರಿನಿಂದಲೇ ಕೊನೇ ದಿನಾಂಕಗಳು ಶುರು. ಅಂದ್ರೆ ಅರ್ಜಿ ಹಾಕುವಾಗ ಸೀನಿಯರ್ ವರ್ಷದ ಮಾರ್ಕ್ಸು ಇನ್ನೂ ಹುಟ್ಟೇ ಇರಲ್ಲ. ಯಾವ ವರ್ಷ ಲೆಕ್ಕಕ್ಕೇ ಇಲ್ಲ ಅಂತ ನಾನು ಹೇಳಿದ್ದೆನೋ ಅದೇ ಅವನ ಕುತ್ತಿಗೆಗೆ ಕೂತಿತ್ತು. ನನಗೆ ಮುಖ ಎತ್ತೋಕೆ ಆಗಲಿಲ್ಲ.

ತಪ್ಪು ನನ್ನದೇ, ಆದರೆ ನನಗೆ ಗೊತ್ತಿದ್ದದ್ದೂ ಅಷ್ಟೇ. ಸಾಗರ ತಾಲ್ಲೂಕಿನ ನಮ್ಮ ಹೈಸ್ಕೂಲಿನಲ್ಲಿ ಎಂಟು, ಒಂಬತ್ತು ಅಂದ್ರೆ ಹತ್ತಕ್ಕೆ ಹೋಗೋ ದಾರಿ. 625ಕ್ಕೆ ಎಷ್ಟು ಅಂತ ಮಾತ್ರ ಊರವರು ಕೇಳೋದು. ಒಂಬತ್ತರ ಮಾರ್ಕ್ಸ್ ಕಾರ್ಡು ಎಲ್ಲಿದೆ ಅಂತ ಅಮ್ಮನಿಗೂ ಗೊತ್ತಿಲ್ಲ, ಬಹುಶಃ ಗೆದ್ದಲಿಗೆ ಗೊತ್ತು. ನಿಜ ಹೇಳಬೇಕಂದ್ರೆ ಅದೊಂದು ಸುಖ. 2011ರ ಮಳೆಗಾಲದಲ್ಲಿ ಮಧ್ಯಾಹ್ನದ ಊಟದ ಬೆಲ್ಲಾಗಿದ್ದೇ (ಬೆಲ್ಲು ಅಂದ್ರೆ ನೇತು ಹಾಕಿದ ರೈಲು ಕಂಬಿಯ ತುಂಡು) ನಾವು ನಾಲ್ಕು ಜನ ಸರ್ಕಾರ ಕೊಟ್ಟ ಸೈಕಲ್ ಹತ್ತಿ ಜೋಗಕ್ಕೆ ಹೋಗಿದ್ವಿ. ಮಂಜು ಮುಚ್ಚಿ ಏನೂ ಕಾಣ್ಲಿಲ್ಲ. ಬರೀ ಸದ್ದು. ಮಾರನೇ ದಿನ ಹೆಡ್ಮಾಷ್ಟ್ರು ಮೊಣಕಾಲ ಮೇಲೆ ನಿಲ್ಲಿಸಿದರು. ಅಲ್ಲಿಗೆ ಮುಗೀತು, ಯಾವ ಪುಸ್ತಕದಲ್ಲೂ ದಾಖಲಾಗಲಿಲ್ಲ. ಆ ಹುಡುಗನಿಗೆ ಅಂಥದ್ದೊಂದು ಮಧ್ಯಾಹ್ನವೂ ಸಿಗಲಿಲ್ಲ, ಮಾರ್ಕ್ಸು ಮಾತ್ರ ಉಳೀತು. (ಅದೇ ಹೊತ್ತಿಗೆ ನಮ್ಮ ಕಡೆ ಮಕ್ಕಳು ನೆಟ್‌ವರ್ಕಿಗೆ ಗುಡ್ಡ ಹತ್ತಿ ಕೂತಿದ್ದರು ಅನ್ನೋದೂ ನೆನಪಿರಲಿ. 2021ರಲ್ಲಿ ಎಸ್ಸೆಸ್ಸೆಲ್ಸಿ ಜುಲೈ 19 ಮತ್ತು 22, ಎರಡೇ ದಿನದಲ್ಲಿ ಸರಿ ಉತ್ತರ ಗುರುತಿಸೋ ಪರೀಕ್ಷೆಯಾಗಿ ಮುಗಿದುಹೋಯ್ತು.)

ಅವನಿಗೆ ಜೋಗದ ಕಥೆ ಬರೆದು ಕಳಿಸೋಣ ಅಂತ ನಮ್ಮ ಹೈಸ್ಕೂಲಿನ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ: ಜೋಗಕ್ಕೆ ಹೋದವರು ಯಾರ್ಯಾರು? ನಾನು ಒಬ್ಬ, ಇನ್ನಿಬ್ಬರು ತಕ್ಷಣ ನಾನೂ ನಾನೂ ಅಂದ್ರು. ನಾಲ್ಕನೆಯವನು? ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಯಾವುದೂ ಅಲ್ಲ. ಯಾರೋ ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ ಹಾಕಿ, ಇದರಲ್ಲಿ ಹುಡುಕಿ ಅಂದ್ರು. ಮೂವತ್ತಾರು ಜನ ಇದ್ದೇವೆ. ಅವನಿಲ್ಲ. ಒಂಬತ್ತರಲ್ಲಿ ನಾವು ನಲವತ್ತೊಂದು ಜನ ಇದ್ದದ್ದು ಆಗ ನೆನಪಾಯ್ತು. ರಿಸಲ್ಟ್ ಕೆಡುತ್ತೆ ಅಂತ ಕೆಲವರನ್ನ ಒಂಬತ್ತರಲ್ಲೇ ನಿಲ್ಲಿಸಿದ್ರು, ಕೆಲವರು ತಾವೇ ಬಿಟ್ರು. ಜೂನ್‌ನಲ್ಲಿ ಬೆಂಚು ಖಾಲಿ ಇದ್ದದ್ದು ನೋಡಿ ನಾವು ಸರಿದು ಆರಾಮಾಗಿ ಕೂತಿದ್ವಿ. ಒಂಬತ್ತನೇ ಕ್ಲಾಸಿಗೆ ಫೋಟೋ ತೆಗೆಯೋ ಪದ್ಧತಿ ಇರಲಿಲ್ಲ. ಇಲ್ಲಿ ನೋಡಿದ್ರೆ ವರ್ಷ ವರ್ಷವೂ ಯಿಯರ್‌ಬುಕ್. ಜೂಮಿನ ವರ್ಷದ್ದೂ ಇತ್ತು, ಆ ಹುಡುಗನ ಫೋಟೋದ ಜಾಗದಲ್ಲಿ ಬೂದು ಚೌಕ, ಕೆಳಗೆ ಹೆಸರು. ಹೆಸರಂತೂ ಇತ್ತು.

2023ರ ಅಕ್ಟೋಬರಿನಲ್ಲಿ ಟೀಚರ್ ಮೂಲಕ ಅವನೇ ನನಗೆ ಈಮೇಲ್ ಮಾಡಿದ. ಕಾಮನ್ ಆ್ಯಪಿನಲ್ಲಿ ಆಗ ಕೋವಿಡ್‌ನಂಥ ತೊಂದರೆಗಳ ಬಗ್ಗೆ ಬರೆಯೋಕೆ ಬೇರೆಯೇ ಜಾಗ ಇತ್ತು, 250 ಪದ, ಬೇಕಾದವರಿಗೆ ಮಾತ್ರ. ಅದನ್ನ ಓದಿ ಹೇಳಿ ಅಂದ. ಓದಿದೆ. ದೊಡ್ಡ ದೊಡ್ಡ ಪದಗಳು, ಸಂಕಷ್ಟದಿಂದ ಪುಟಿದೆದ್ದೆ ಅನ್ನೋ ಧಾಟಿ. ಯಾರು ಬರೆದುಕೊಟ್ಟರು ಅಂತ ಕೇಳಬೇಕಾಗಿರಲಿಲ್ಲ, ಆ ವರ್ಷ ಎಲ್ಲರಿಗೂ ಅದೇ ಬರೆದುಕೊಡ್ತಿತ್ತು. ಬುದ್ಧಿವಾದ ಹೇಳೋಕೆ ಈ ಸಲ ಧೈರ್ಯ ಬರಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: ಆ ವರ್ಷ ಬೆಳಿಗ್ಗೆ ಒಂಬತ್ತು ಗಂಟೆಗೆ ನಿಮ್ಮ ಮನೇಲಿ ಏನು ನಡೀತಿತ್ತು?

ಮೂರು ದಿನ ಬಿಟ್ಟು ಹೊಸದು ಬಂತು. ಅರ್ಧದಷ್ಟೂ ಇರಲಿಲ್ಲ. ಮನೆಯಲ್ಲಿ ಒಂದೇ ಇಂಟರ್ನೆಟ್, ಮೂರು ಮಕ್ಕಳು, ಮೂರು ಕ್ಲಾಸು. ಎಲ್ಲರ ವಿಡಿಯೋ ಹಾಕಿದ್ರೆ ಎಲ್ಲರದ್ದೂ ನಿಲ್ಲುತ್ತಿತ್ತು. ತಂಗಿ ಎರಡನೇ ಕ್ಲಾಸು, ಅವಳಿಗೆ ಟೀಚರ್ ಮುಖ ಕಾಣಬೇಕು. ಅದಕ್ಕೆ ನಾನು ನನ್ನದನ್ನ ಆಫ್ ಮಾಡಿದೆ. ಆಮೇಲೆ ಪಾಠವನ್ನೂ ಆಫ್ ಮಾಡಿಬಿಟ್ಟೆ, ಅದು ನನ್ನ ತಪ್ಪು. ಅವಳಿಗೆ ಈಗ ಓದೋಕೆ ಚೆನ್ನಾಗಿ ಬರುತ್ತೆ. ಇಷ್ಟೇ ಬರೆದಿದ್ದ. ನಾನು ಒಂದು ಸ್ಪೆಲ್ಲಿಂಗ್ ತಿದ್ದಿ ವಾಪಸ್ ಕಳಿಸಿದೆ. ಊರಿನ ಹತ್ತಿರದ್ದೇ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು ಅಂತ ಮುಂದಿನ ವಸಂತದಲ್ಲಿ ಟೀಚರ್ ತಿಳಿಸಿದರು.

2024ರ ಡಿಸೆಂಬರಿನಲ್ಲಿ ಊರಿಗೆ ಹೋದಾಗ ನಮ್ಮ ಹೈಸ್ಕೂಲಿಗೂ ಹೋಗಿದ್ದೆ. ಕಂಬಿಯ ತುಂಡು ಇನ್ನೂ ನೇತಾಡ್ತಿತ್ತು. ಗುಮಾಸ್ತರಿಗೆ ಪುಸಲಾಯಿಸಿ ಹಳೇ ದಾಖಲಾತಿ ರಿಜಿಸ್ಟರ್ ತೆಗೆಸಿದೆ. ಹೆಸರು ನೋಡಿದ ಕೂಡಲೇ ಮುಖವೂ ನೆನಪಾಯ್ತು. ಶಾಲೆ ಬಿಟ್ಟ ಕಾರಣ ಅನ್ನೋ ಕಾಲಮ್ಮಿನಲ್ಲಿ ‘ಗೈರುಹಾಜರಿ’ ಅಂತಿತ್ತು. ಅವರ ಮಾವನ ಅಂಗಡಿಯಿಂದ ನಂಬರ್ ಸಿಕ್ಕಿತು. ಶಿವಮೊಗ್ಗದಲ್ಲಿ ಗೂಡ್ಸ್ ಗಾಡಿ ಓಡಿಸ್ತಾನೆ.

ಜೋಗ ಅಂದ ಕೂಡಲೇ ನಕ್ಕ. ವಾಪಸ್ ಬರುವಾಗ ನನ್ನ ಸೈಕಲ್ ಚೈನು ಬಿದ್ದು, ಅದನ್ನ ಹಾಕಿದ್ದು ಅವನೇ ಅಂತೆ. ನನಗೆ ಅದೂ ನೆನಪಿರಲಿಲ್ಲ. ಗ್ರೂಪಿಗೆ ಸೇರಿಸ್ತೀನಿ ಕಣೋ ಅಂದೆ. ಗ್ರೂಪಿನ ಹೆಸರೇನು ಅಂತ ಕೇಳಿದ. ‘ಎಸ್ಸೆಸ್ಸೆಲ್ಸಿ 2013’ ಅಂದೆ.

"ನಾನು ಎಸ್ಸೆಸ್ಸೆಲ್ಸಿ ಮಾಡಿಲ್ವಲ್ಲೋ ಮಾರಾಯ, ಆಗುತ್ತಾ?" ಅಂದ.

ಫೋನ್ ಇಡೋದಕ್ಕೂ ಮುಂಚೆ ಸೇರಿಸಿದೆ.