ಫಿಲಿಪ್ಸನ ನೀರಿನ ಯಂತ್ರ

ಹಣವನ್ನು ನೀರಿನಂತೆ ಖರ್ಚು ಮಾಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಅದನ್ನು ನಿಜಕ್ಕೂ ನೀರಾಗಿಸಿ ಕೊಳವೆಯಲ್ಲಿ ಹರಿಸಿದವನು ನ್ಯೂಜಿಲೆಂಡಿನ ಬಿಲ್ ಫಿಲಿಪ್ಸ್. ಎಂಜಿನಿಯರಾಗಿದ್ದ ಈತ ಯುದ್ಧಕಾಲದಲ್ಲಿ ಜಪಾನಿಯರ ಸೆರೆಯಲ್ಲಿದ್ದು, ಆಮೇಲೆ ಲಂಡನ್ನಿಗೆ ಓದಲು ಬಂದ. 1949ರಲ್ಲಿ ಕ್ರಾಯ್ಡನ್ನಿನ ಒಂದು ಗ್ಯಾರೇಜಿನಲ್ಲಿ ಪಾರದರ್ಶಕ ತೊಟ್ಟಿಗಳನ್ನೂ ಹಳೆಯ ಬಾಂಬರ್ ವಿಮಾನದ ಬಿಡಿಭಾಗಗಳನ್ನೂ ಜೋಡಿಸಿ, ಆಳೆತ್ತರ ಮೀರಿದ ಯಂತ್ರ ಕಟ್ಟಿದ. ಅದೇ ನವೆಂಬರಿನಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಪ್ರಾಧ್ಯಾಪಕರ ಮುಂದೆ ಅದು ಓಡಿತು.

ಪಂಪು ಬಣ್ಣದ ನೀರನ್ನು ಮೇಲೆತ್ತುತ್ತದೆ. ಅದು ದೇಶದ ಆದಾಯ. ಇಳಿಯುವಾಗ ತೆರಿಗೆ, ಉಳಿತಾಯ, ಆಮದು ಎಂದು ಕವಲೊಡೆಯುತ್ತದೆ. ಸರ್ಕಾರದ ವೆಚ್ಚ, ಹೂಡಿಕೆ, ರಫ್ತಾಗಿ ಮರಳಿ ಧಾರೆಗೆ ಕೂಡುತ್ತದೆ. ಕೊನೆಗೆ ಕೆಳಗೆ ಬೀಳುವ ನೀರೇ ಒಟ್ಟು ಬೇಡಿಕೆ.

ನನ್ನ ಕಣ್ಣು ನಿಲ್ಲುವುದು ಪಕ್ಕದ ತೊಟ್ಟಿಯ ಮೇಲೆ. ಸಾಲಕ್ಕೆ ಸಿಗುವ ಹಣ ಅಲ್ಲಿರುತ್ತದೆ. ಒಳಗೊಂದು ಫ್ಲೋಟು, ನಮ್ಮ ತಾರಸಿಯ ಟ್ಯಾಂಕಿನಲ್ಲಿರುವಂಥದ್ದೇ. ನೀರು ಏರಿತೆಂದರೆ ಬಡ್ಡಿ ಇಳಿಯಿತು. ಫ್ಲೋಟಿಗೆ ಕಟ್ಟಿದ ದಾರ ಹೂಡಿಕೆಯ ತೂಬನ್ನು ಅಷ್ಟಷ್ಟೇ ತೆರೆಯುತ್ತದೆ. ಕೇಂದ್ರ ಬ್ಯಾಂಕು ನೀರು ಸುರಿದರೆ ಸಾಲ ಅಗ್ಗ, ಹೂಡಿಕೆ ಜಾಸ್ತಿ, ಬೇಡಿಕೆ ಬಿರುಸು. ಬಸಿದರೆ ಉಲ್ಟಾ. ನೀರು ಸುತ್ತಿ ಬರಲು ಹೊತ್ತು ಹಿಡಿಯುವುದರಿಂದ ಪರಿಣಾಮವೂ ತಡವಾಗಿಯೇ ಕಾಣುತ್ತದೆ, ಕಾಗದದ ಮೇಲೆ ಪೆನ್ನು ಅದನ್ನು ಗೀಚುತ್ತದೆ. ಕರಿಹಲಗೆಯ ರೇಖೆಗಳಲ್ಲಿ ಈ ತಡ ಕಾಣುವುದೇ ಇಲ್ಲ.

ಆದರೆ ಇದೇ ತೊಟ್ಟಿಯಲ್ಲಿ ನೀರಿನ ಹೋಲಿಕೆ ಕೈಕೊಡುತ್ತದೆ. ಇಲ್ಲಿ ಯಾರೋ ಉಳಿಸಿದ ನೀರು ಮತ್ತೊಬ್ಬರಿಗೆ ಸಾಲ. ಬ್ಯಾಂಕಿನಲ್ಲಿ ಹಾಗಲ್ಲ. ಟ್ರ್ಯಾಕ್ಟರಿಗೆ 5 ಲಕ್ಷ ಸಾಲ ಮಂಜೂರಾದಾಗ ಮ್ಯಾನೇಜರು ಯಾವ ಠೇವಣಿದಾರನ ಖಾತೆಯಿಂದಲೂ ರೂಪಾಯಿ ತೆಗೆಯುವುದಿಲ್ಲ. ಒಂದು ಕಡೆ ರೈತನ ಹೆಸರಿಗೆ ಸಾಲ, ಇನ್ನೊಂದು ಕಡೆ ಡೀಲರನ ಖಾತೆಗೆ ಜಮಾ. ಆ 5 ಲಕ್ಷ ಠೇವಣಿ ಹುಟ್ಟಿದ್ದೇ ಆಗ. ಕಂತು ಕಟ್ಟಿದಂತೆಲ್ಲ ಅಷ್ಟಷ್ಟು ಅಳಿಯುತ್ತದೆ. ಬ್ಯಾಂಕ್ ಆಫ್ ಇಂಗ್ಲೆಂಡ್ 2014ರಲ್ಲಿ ತನ್ನ ತ್ರೈಮಾಸಿಕ ಪತ್ರಿಕೆಯಲ್ಲಿ ಇದನ್ನು ಬಿಡಿಸಿ ಬರೆಯಿತು.

ಹಾಗೆಂದು ಬ್ಯಾಂಕು ಮನಬಂದಂತೆ ಹಣ ಹುಟ್ಟಿಸಲಾರದು. ಅದರ ಸ್ವಂತ ಬಂಡವಾಳ ಸಾಕಷ್ಟಿರಬೇಕು, ಸಾಲ ಮರಳೀತೆಂಬ ನಂಬಿಕೆ ಬೇಕು, ಕೇಂದ್ರ ಬ್ಯಾಂಕಿನ ಬಡ್ಡಿಗೆ ತನ್ನ ಲೆಕ್ಕ ಹೊಂದಬೇಕು. ಎಲ್ಲಕ್ಕಿಂತ ಮೊದಲು, ಸಾಲ ಕೇಳುವವರು ಬಾಗಿಲಿಗೆ ಬರಬೇಕು. ಫಿಲಿಪ್ಸನ ದಾರ ನೀರು ಏರಿದೊಡನೆ ತೂಬು ಎಳೆದುಬಿಡುತ್ತದೆ. ಬಡ್ಡಿ ಇಳಿದಿದ್ದರೂ ಆಕಾಶ ನೋಡಿ, ಟ್ರ್ಯಾಕ್ಟರು ಬರುವ ವರ್ಷಕ್ಕಿರಲಿ ಎಂದು ಮನೆಗೆ ತಿರುಗುವ ರೈತ ಆ ಯಂತ್ರದಲ್ಲಿಲ್ಲ.