ಖರೆ, ಖಾತ್ರಿ, ನಕ್ಕಿ: ಗಡಿಭಾಗದ ಆಡುನುಡಿಯಲ್ಲಿ ನಿರ್ವಿವಾದ ಸೂಚಕ ಪದಗಳು

ಅನುಮಾನಕ್ಕೆ ಎಡೆಯಿಲ್ಲದ ಮಾತನ್ನು ಗ್ರಾಂಥಿಕ ಕನ್ನಡವು ‘ನಿರ್ವಿವಾದ’, ‘ನಿಸ್ಸಂಶಯ’, ‘ಪ್ರಶ್ನಾತೀತ’ ಎನ್ನುತ್ತದೆ. ವಿವಾದ, ಸಂಶಯ, ಪ್ರಶ್ನೆಗಳನ್ನು ಮೊದಲು ಹೆಸರಿಸಿ ಅನಂತರ ಹೊರಗಿಡುವ ಸಂಸ್ಕೃತ ರಚನೆಗಳಿವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಪರಿಸರದ ಆಡುನುಡಿ ಈ ದಾರಿಯನ್ನು ಹಿಡಿಯುವುದಿಲ್ಲ. ಇಲ್ಲಿಯ ಪದಗಳು ಹೆಚ್ಚಾಗಿ ಮರಾಠಿಯೊಂದಿಗೆ ಹಂಚಿಕೊಂಡವು. ಒಂದೊಂದರ ಆಧಾರವೂ ಬೇರೆ.

ಅರಬ್ಬಿಯ ‘ಖಾತಿರ್’ ಎಂದರೆ ಮನಸ್ಸು. ಆದುದರಿಂದ ‘ನನಗ ಖಾತ್ರಿ ಐತಿ’ ಎಂಬಲ್ಲಿ ಭರವಸೆಯಿರುವುದು ಹೇಳುವವನ ಮನಸ್ಸಿನಲ್ಲಿ. ಪಾರಸಿ ಮೂಲದ ‘ಬರೋಬರಿ’ ಲೆಕ್ಕ, ತೂಕಗಳ ಹೊಂದಾಣಿಕೆಯನ್ನು ಸೂಚಿಸುತ್ತದೆ. ‘ಲಗ್ನ ನಕ್ಕಿ ಆತು’ ಎಂಬುದು ಇನ್ನೂ ನಡೆಯದ, ಆದರೆ ತೀರ್ಮಾನವಾದ ಸಂಗತಿ.

ಇವುಗಳಲ್ಲಿ ‘ಖರೆ’ಯ ಬಳಕೆ ಅತ್ಯಂತ ಸಂಕೀರ್ಣವಾದುದು. ಬಿಡಿಯಾಗಿ ಅದು ಸತ್ಯವಾಚಕ. ವಾಕ್ಯದ ನಡುವೆ ಬಂದಾಗ ಅದರ ಕೆಲಸವೇ ಬೇರೆ: ‘ಮಳಿ ಬಂತು ಖರೆ, ನೆಲ ನೆನೀಲಿಲ್ಲ.’ ಎದುರಾಳಿಯ ಮಾತನ್ನು ಒಪ್ಪಿದಂತೆ ಮಾಡಿ ವಾದವನ್ನು ಆರಂಭಿಸುವ ಪದವಿದು. ಮರಾಠಿಯ ‘ತೋ ಆಲಾ ಖರಾ, ಪಣ’ ಎಂಬಲ್ಲಿಯೂ ಇದೇ ಪ್ರಯೋಗವಿದೆ. ಅಲ್ಲಿ ಖರಾ, ಖರೀ, ಖರೇ ಎಂದು ಲಿಂಗಾನುಸಾರ ಬದಲಾಗುವ ಪದವು ಕನ್ನಡದಲ್ಲಿ ಒಂದೇ ರೂಪದಲ್ಲಿ ನಿಂತಿದೆ.

ಈ ನೆಲದ ಕುರಿತ ರಾಜಕೀಯ ಪರಿಭಾಷೆಯಲ್ಲಿ ಹೆಚ್ಚು ಕೇಳುವ ಪದ ‘ಅಂತಿಮ’. ಮಹಾಜನ ಆಯೋಗದ 1967ರ ವರದಿಯೇ ಅಂತಿಮವೆಂಬುದು ಕರ್ನಾಟಕದ ನಿಲುವು. ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದೂ ಅದೇ ವರದಿ ಶಿಫಾರಸು ಮಾಡಿತ್ತೆಂಬುದನ್ನು ನೆನೆಯುವವರು ಕಡಿಮೆ. ಮಹಾರಾಷ್ಟ್ರವು ವರದಿಯನ್ನು ಒಪ್ಪದೆ 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ‘ಅಂತಿಮ’ವು ಚರ್ಚೆ ಮುಗಿಯಿತೆನ್ನುತ್ತದೆಯೇ ಹೊರತು ಮಾತು ಸತ್ಯವೆಂದು ಹೇಳುವುದಿಲ್ಲ. ಜನರ ನುಡಿಯಲ್ಲಿ ಇವೆರಡೂ ಒಂದಲ್ಲ.

ಪದ ಸಾಲದೆಡೆಯಲ್ಲಿ ಆಣೆ ಬರುತ್ತದೆ. ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕದೇವಿಯ ಜಾತ್ರೆಗೆ ಎರಡೂ ರಾಜ್ಯಗಳ ಭಕ್ತರು ಸೇರುತ್ತಾರೆ. ಅಲ್ಲಿ ಹಾರಿಸುವ ಅರಿಸಿನವೇ ಭಂಡಾರ. ‘ಭಂಡಾರ ಮುಟ್ಟಿ ಹೇಳು’ ಎಂಬ ಕನ್ನಡದ ಮಾತಿಗೂ ಪ್ರಮಾಣ ಮಾಡುವುದೆಂಬ ಅರ್ಥದ ಮರಾಠಿಯ ‘ಬೇಲಭಂಡಾರ ಉಚಲಣೆ’ಗೂ ಆಚರಣೆಯ ತಳಹದಿ ಒಂದೇ. ಭಂಡಾರ ಮುಟ್ಟಿ ಆಡಿದ ‘ಖರೆ’ಗೆ ‘ಆದರ’ ಎಂಬ ಬಾಲ ಅಂಟುವಂತಿಲ್ಲ.

ಕಥೆ, ಪಂಚಾಯಿತಿ ಮಾತುಗಳನ್ನು ಲಿಪ್ಯಂತರಿಸುವಾಗ ‘ಖರೆ’ಯನ್ನು ‘ನಿಜ’ವೆಂದು ತಿದ್ದಿದರೆ ಈ ಭೇದವೆಲ್ಲ ಅಳಿಸಿಹೋಗುತ್ತದೆ. ಸಂಸ್ಕೃತದಲ್ಲಿ ‘ನಿಜ’ವೆಂದರೆ ‘ತನ್ನದು’ ಎಂದಷ್ಟೇ ಅರ್ಥ. ವಕ್ತೃವು ‘ಖರೆ’ ಎಂದ ಕಡೆ ಸಂಪಾದಕರು ‘ಖರೆ’ ಎಂದೇ ಉಳಿಸಿ, ಅದರ ಮುಂದಿನ ವಾಕ್ಯವನ್ನೂ ಬಿಡದೆ ದಾಖಲಿಸಬೇಕು.