ಎಳೆಯುವುದೂ ಅದೇ ಚಕ್ರ, ತಿರುಗಿಸುವುದೂ ಅದೇ ಚಕ್ರ

2023ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕಿನ 20.832 ಕಿಲೋಮೀಟರ್ ಸುತ್ತನ್ನು ಹೋಂಡಾ ಸಿವಿಕ್ ಟೈಪ್ ಆರ್ 7 ನಿಮಿಷ 44.881 ಸೆಕೆಂಡಿನಲ್ಲಿ ಮುಗಿಸಿತು. ಸರಾಸರಿ ವೇಗ ಗಂಟೆಗೆ 161 ಕಿ.ಮೀ. ಮುಂದಿನ ಚಕ್ರಗಳ ಬಲದಿಂದಷ್ಟೇ ಓಡುವ ಕಾರುಗಳಲ್ಲಿ ಅದು ಹೊಸ ದಾಖಲೆ. ಹಳೆಯ ದಾಖಲೆ ರೆನೋ ಮೇಗಾನ್ ಆರ್‌ಎಸ್ ಟ್ರೋಫಿ-ಆರ್ ಹೆಸರಿನಲ್ಲಿತ್ತು. ತೂಕ ಇಳಿಸಲೆಂದು ಆ ಕಾರಿನ ಹಿಂದಿನ ಸೀಟನ್ನೇ ತೆಗೆದುಹಾಕಿದ್ದರು. ಎರಡಕ್ಕೂ ಇರುವ ಅಂತರ ಅರ್ಧ ಸೆಕೆಂಡು. ಹೋಂಡಾದ ಓಟಕ್ಕೂ ವಿಶೇಷ ಟೈರುಗಳಿದ್ದವು, ನಿಜ. ಆದರೆ ಯುರೋಪಿನ ಗ್ರಾಹಕರು ಕೊಂಡುಕೊಂಡ ಸಾಮಾನ್ಯ ಟೈಪ್ ಆರ್‌ನಲ್ಲಿ ನಾಲ್ಕು ಜನ ಆರಾಮವಾಗಿ ಕೂರಬಹುದು, ಡಿಕ್ಕಿಯಲ್ಲಿ 410 ಲೀಟರ್ ಜಾಗವೂ ಉಂಟು.

ಈ ಎರಡು ಗುಣ ಒಟ್ಟಿಗೆ ಬಂದದ್ದು ಆಕಸ್ಮಿಕವಲ್ಲ. ಮುಂಚಕ್ರ ಚಾಲನೆ ಜನಪ್ರಿಯವಾದದ್ದೇ ವೇಗಕ್ಕಾಗಿ ಅಲ್ಲ, ಜಾಗಕ್ಕಾಗಿ. 1959ರಲ್ಲಿ ಬ್ರಿಟನ್ನಿನ ಅಲೆಕ್ ಇಸಿಗೋನಿಸ್ ಮೂರು ಮೀಟರಿಗಿಂತ ತುಸುವೇ ಉದ್ದದ ‘ಮಿನಿ’ಯಲ್ಲಿ ಎಂಜಿನನ್ನು ಅಡ್ಡಡ್ಡ ಕೂರಿಸಿ, ಗೇರ್‌ಬಾಕ್ಸನ್ನು ಅದರ ಅಡಿಗೆ ತಳ್ಳಿದರು. ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಇಲ್ಲ, ಹಿಂದಿನ ಸೀಟಿನ ಕೆಳಗೆ ಎಡಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಇಲ್ಲ. ಮಿಕ್ಕ ಜಾಗವೆಲ್ಲ ಮನುಷ್ಯರಿಗೆ, ಸಾಮಾನಿಗೆ. ಆ ಪುಟ್ಟ ಕಾರು 1964ರಲ್ಲಿ ಮಾಂಟೆ ಕಾರ್ಲೋ ರ್‍ಯಾಲಿ ಗೆದ್ದಿತು. 1975ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ 110 ಅಶ್ವಶಕ್ತಿಯ ಸಂಸಾರಸ್ಥರ ಕಾರು. ಐದು ಸಾವಿರ ಮಾರಾಟವಾದರೆ ಸಾಕೆಂದುಕೊಂಡಿದ್ದ ಕಂಪನಿ ಮೊದಲ ತಲೆಮಾರಿನಲ್ಲೇ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜಿಟಿಐ ಮಾರಿತು.

ಅಶ್ವಶಕ್ತಿ ಏರಿದಂತೆ ಭೌತಶಾಸ್ತ್ರ ಅಡ್ಡ ಬಂತು. ಬಸ್ಸು ಧಡಕ್ಕನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವಂತೆ, ಕಾರು ಮುನ್ನುಗ್ಗಿದಾಗ ಅದರ ಭಾರ ಹಿಂದಿನ ಚಕ್ರಗಳತ್ತ ಸರಿಯುತ್ತದೆ. ಒಂದು ಸಣ್ಣ ಲೆಕ್ಕ ಹಾಕೋಣ. ಚಾಲಕನೂ ಸೇರಿ ಕಾರಿನ ತೂಕ 1,500 ಕಿಲೋ, ಅದರಲ್ಲಿ ಶೇ 60 ಮುಂದಿನ ಚಕ್ರಗಳ ಮೇಲೆ, ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿ, ಎರಡು ಆಕ್ಸಲ್‌ಗಳ ನಡುವೆ 2.73 ಮೀಟರ್ ಎಂದಿಟ್ಟುಕೊಳ್ಳಿ. ಗುರುತ್ವದ ಅರ್ಧದಷ್ಟು ವೇಗೋತ್ಕರ್ಷದಲ್ಲಿ ಕಾರು ಹೊರಟರೆ ಮುಂದಿನ 900 ಕಿಲೋದಲ್ಲಿ ಸುಮಾರು 140 ಕಿಲೋ ಹಿಂದಕ್ಕೆ ಜಾರುತ್ತದೆ. ಹಿಡಿತ ಬೇಕಾದ ಹೊತ್ತಿನಲ್ಲೇ ಮುಂದಿನ ಟೈರು ಹಗುರಾಗುತ್ತದೆ. ಟೈರಿಗೂ ರಸ್ತೆಗೂ ಘರ್ಷಣಾಂಕ 1 ಎಂದು ಹಿಡಿದರೆ, ಎಷ್ಟೇ ದೊಡ್ಡ ಎಂಜಿನ್ ಇಟ್ಟರೂ ಇಂಥ ಕಾರು 100 ಕಿ.ಮೀ. ವೇಗ ಮುಟ್ಟಲು ಐದೂವರೆ ಸೆಕೆಂಡು ಬೇಕು. 329 ಅಶ್ವಶಕ್ತಿಯ ಟೈಪ್ ಆರ್‌ಗೆ ಹೋಂಡಾ ಹೇಳುವ ಅಂಕಿ 5.4 ಸೆಕೆಂಡು. ಕಾರು ಹೆಚ್ಚುಕಡಿಮೆ ಗೋಡೆಗೆ ಹಣೆ ಮುಟ್ಟಿಸಿಯೇ ನಿಂತಿದೆ!

ಇಷ್ಟಕ್ಕೇ ಮುಗಿಯುವುದಿಲ್ಲ. ಎಳೆಯುವ ಚಕ್ರಗಳೇ ಕಾರನ್ನು ತಿರುಗಿಸಬೇಕು. ಟೈರಿನ ಹಿಡಿತಕ್ಕೆ ಒಂದು ಮಿತಿಯಿದೆ. ಎಳೆಯಲು ಹೆಚ್ಚು ಖರ್ಚಾದಷ್ಟೂ ತಿರುಗಿಸಲು ಉಳಿಯುವುದು ಕಡಿಮೆ. ಜೊತೆಗೆ ಸ್ಟೀರಿಂಗ್‌ನ ಕಾಟ. ಸಾಮಾನ್ಯ ಕಾರಿನಲ್ಲಿ ಚಕ್ರ ಹೊರಳುವ ಅಕ್ಷವು ಶಾಕ್ ಅಬ್ಸಾರ್ಬರ್ ಮೇಲ್ತುದಿಯಿಂದ ಕೆಳಗಿನ ಬಾಲ್ ಜಾಯಿಂಟ್‌ವರೆಗೆ ಓರೆಯಾಗಿ ಇಳಿಯುತ್ತದೆ. ಚಕ್ರದ ನಡುಭಾಗ ಈ ಅಕ್ಷದಿಂದ ಕೆಲವು ಸೆಂಟಿಮೀಟರ್ ಹೊರಗಿರುತ್ತದೆ. ಆದ್ದರಿಂದ ಎಂಜಿನ್ ಚಕ್ರವನ್ನು ಮುಂದಕ್ಕೆ ನೂಕಿದಾಗಲೆಲ್ಲ ಅದನ್ನು ಒಳಕ್ಕೂ ಹೊರಳಿಸಲು ನೋಡುತ್ತದೆ. ಎಡಬಲಗಳ ಎಳೆತ ಸಮವಿದ್ದರೆ ಒಂದಕ್ಕೊಂದು ವಜಾ ಆಗುತ್ತದೆ. ಆ ಸಮತೋಲ ತಪ್ಪಿದರೆ? ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ‘ಟಾರ್ಕ್ ಸ್ಟಿಯರ್’ ಎಂದರೆ ಇದೇ. ಮುಂಚಕ್ರಕ್ಕೆ 200 ಅಶ್ವಶಕ್ತಿಗಿಂತ ಹೆಚ್ಚು ಕೊಡಬಾರದೆಂಬ ಮಾತು ವಾಹನಲೋಕದಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದದ್ದು ಈ ಕಾರಣಕ್ಕೆ.

ಪರಿಹಾರ ಸಿಕ್ಕಿದ್ದು ಎಂಜಿನ್ನಿನಲ್ಲಲ್ಲ, ಚಕ್ರದ ಪಕ್ಕದ ಉಕ್ಕಿನ ತುಂಡಿನಲ್ಲಿ. ಸಸ್ಪೆನ್ಷನ್ನಿನ ಕಂಬವನ್ನು ತಿರುಗದಂತೆ ಬಿಗಿದು, ಚಕ್ರ ಹೊರಳಲು ಅದರ ನಡುವಿಗೆ ಹತ್ತಿರದಲ್ಲೇ ಬೇರೊಂದು ಅಕ್ಷ ಕೊಟ್ಟರೆ ಕಾಟ ಬಹಳಷ್ಟು ತಗ್ಗುತ್ತದೆ. ರೆನೋ ಇದನ್ನು ಮೇಗಾನ್‌ನಲ್ಲಿ ಬಳಸಿತು. ಫೋರ್ಡ್ ಇದರ ಬಲದಿಂದಲೇ 2009ರ ಫೋಕಸ್ ಆರ್‌ಎಸ್‌ನ ಮುಂಚಕ್ರಗಳಿಗೆ 305 ಅಶ್ವಶಕ್ತಿ ಕೊಟ್ಟಿತು. ಟೈಪ್ ಆರ್‌ನಲ್ಲಿರುವುದೂ ಇದೇ ತತ್ವ.

ಇನ್ನೊಂದು ಉಪಕಾರಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ತಿರುವಿನಲ್ಲಿ ಒಳಗಿನ ಚಕ್ರದ ಮೇಲೆ ಭಾರ ಕಡಿಮೆ. ಸಾದಾ ಡಿಫರೆನ್ಷಿಯಲ್ ಎರಡೂ ಕಡೆಗೆ ಒಂದೇ ಬಲ ಹಂಚುವುದರಿಂದ, ಒಳಚಕ್ರ ಸುಮ್ಮನೆ ಗಿರಗಿರ ತಿರುಗತೊಡಗಿದರೆ ಹೊರಚಕ್ರವೂ ನಿರುಪಯೋಗಿ. ಟೈಪ್ ಆರ್‌ನಲ್ಲಿ ಓರೆಹಲ್ಲಿನ ಗೇರುಗಳ ತಿಕ್ಕಾಟ ಹಿಡಿತವಿರುವ ಕಡೆಗೆ ಹೆಚ್ಚು ಬಲ ಕಳಿಸುತ್ತದೆ. ಗಾಲ್ಫ್ ಜಿಟಿಐನಲ್ಲಿ ಆ ಕೆಲಸ ಕಂಪ್ಯೂಟರ್ ನಿಯಂತ್ರಿಸುವ ಕ್ಲಚ್ ಪ್ಲೇಟುಗಳದ್ದು. ಹೊರಚಕ್ರ ಬಲವಾಗಿ ಎಳೆದರೆ ಕಾರಿನ ಮೂತಿ ತಿರುವಿನ ಒಳಕ್ಕೇ ಬರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಕಾರು ಇನ್ನಷ್ಟು ಚೆನ್ನಾಗಿ ತಿರುಗುವುದು ಮೊದಲ ಸಲ ಓಡಿಸುವವರಿಗೆ ಕಣ್ಕಟ್ಟಿನಂತೆ ಕಂಡರೆ ಆಶ್ಚರ್ಯವಿಲ್ಲ.

ದಿನಬಳಕೆಯ ಮಾತಿಗೆ ಬಂದರೆ ಎಲೆಕ್ಟ್ರಾನಿಕ್ ಶಾಕ್ ಅಬ್ಸಾರ್ಬರ್‌ಗಳು ದೊಡ್ಡ ಅನುಕೂಲ. ಎಣ್ಣೆ ಹರಿಯುವ ದಾರಿಯನ್ನು ವಾಲ್ವು ಹಿಗ್ಗಿಸಿದರೆ ಸವಾರಿ ಮೆತ್ತಗೆ, ಕುಗ್ಗಿಸಿದರೆ ಬಿಗಿ. ಆದರೂ ವಾಲ್ವು ಎಲ್ಲವನ್ನೂ ಸರಿಮಾಡಲಾರದು. ಹಿಂದಿನ ಟೈಪ್ ಆರ್‌ನ 20 ಇಂಚಿನ ಚಕ್ರವನ್ನು ಹೋಂಡಾ 19ಕ್ಕೆ ಇಳಿಸಿದ್ದರಿಂದ, ಅಗಲವೂ ಹೆಚ್ಚಿದ ಟೈರಿನ ಪಕ್ಕದ ಗೋಡೆ 73.5 ಮಿಲಿಮೀಟರಿನಿಂದ 79.5ಕ್ಕೆ ಏರಿತು. ನಮ್ಮ ಮಾರುತಿ ಸ್ವಿಫ್ಟ್‌ನ 185/65 ಆರ್15 ಟೈರಿಗೆ ಅದು 120 ಮಿಲಿಮೀಟರ್. ಬೆಂಗಳೂರಿನ ಗುಂಡಿಗಳ ಎದುರು ಯಾವ ಟೈರು ಬಾಳುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಭಾರತದಲ್ಲಿ ಇಂಥ ಕಾರುಗಳು ವಿರಳವಾಗಲು ತೆರಿಗೆಯೂ ಕಾರಣ. 2006ರಿಂದ ನಾಲ್ಕು ಮೀಟರ್ ಒಳಗಿನ, ಪೆಟ್ರೋಲಾದರೆ 1,200 ಸಿಸಿ ಮೀರದ ಕಾರಿಗೆ ತೆರಿಗೆ ಕಡಿಮೆ. ಗಾಲ್ಫ್ ಜಿಟಿಐ 2025ರಲ್ಲಿ ಇಲ್ಲಿಗೆ ಆಮದಾಗಿ ಬಂದಾಗ ಅದರ ಎಕ್ಸ್ ಶೋರೂಂ ಬೆಲೆ 53 ಲಕ್ಷ ರೂಪಾಯಿ. ಮಿತಿಯೊಳಗೇ ಆಡುವ ಹ್ಯುಂಡೈ ಐ20 ಎನ್ ಲೈನ್, ಟಾಟಾ ಆಲ್ಟ್ರೋಜ್ ರೇಸರ್‌ಗಳ ಶಕ್ತಿ 120 ಅಶ್ವಶಕ್ತಿ. ಮೇಲೆ ಹೇಳಿದ ದುಬಾರಿ ಉಪಾಯಗಳು ಅಷ್ಟಕ್ಕೆ ಬೇಕಾಗುವುದಿಲ್ಲ. ಉತ್ಸಾಹವಿದ್ದು ಹಣ ಮಿತವಾಗಿದ್ದರೆ ಎಂಜಿನ್ ಚಿಪ್ ಬದಲಿಸುವ ಬದಲು ಮೊದಲು ನಾಲ್ಕು ಒಳ್ಳೆಯ ಟೈರು ಹಾಕಿಸಿ.